ಸುಂದ್ರವ್ವಗ ಆರಾಮಿಲ್ಲ

ಮಾಳು ಬಾಗಿಲಿಗೆ ಅಡ್ಡ ನಿಂತುಬಿಟ್ಟ. "ಕೈ ಮುಗೀತೇನ್ರಿ ಅಕ್ಕಾರ, ನೀವು ಒಳಗ ಬರಬ್ಯಾಡ್ರಿ."

ಅಂಗಳದಲ್ಲಿ ನಿಂತ ಕಾಶೆವ್ವನ ಚೀಲದಲ್ಲಿ ಮಾರ್ಫಿನ್ ಗುಳಿಗೆಗಳಿದ್ದವು. ಒಳಗೆ ಅವನ ತಾಯಿ ಲಗಮವ್ವ ನೋವಿಗೆ ಒದ್ದಾಡುತ್ತಿದ್ದಳು. ಎದೆಯ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿತ್ತು. ಮನೆಯಲ್ಲಿದ್ದ ಗುಳಿಗೆ ನಿನ್ನೆಯೇ ಮುಗಿದಿದ್ದವು. ಹತ್ತರಗಿ ಹೈವೇಯ ಲಾರಿಗಳ ಸದ್ದನ್ನೂ ಮೀರಿ ಆಕೆಯ ಕೂಗು ಅಂಗಳಕ್ಕೆ ಬರುತ್ತಿತ್ತು.

ಮಾಳುವಿನದೇನೂ ತಪ್ಪಿಲ್ಲ. ತಪ್ಪು ಕಾಶೆವ್ವ ತಾನೇ ಹಾಕಿಕೊಟ್ಟ ಪದ್ಧತಿಯದು. ಸಾಯುವವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳಲು ಬಳಗ ಕಟ್ಟಿ, ಹುಕ್ಕೇರಿ, ಗೋಕಾಕ, ಮೂಡಲಗಿಯ ಹಳ್ಳಿ ಹಳ್ಳಿಗೆ ಹೆಂಗಸರನ್ನು ಹುರಿದುಂಬಿಸಿ ಕಳಿಸಿ, ಪಗಾರವಿಲ್ಲದ ಈ ಮುಖಂಡತನದಲ್ಲೇ ಆಕೆಯ ತಲೆ ಬೆಳ್ಳಗಾಗಿತ್ತು. ವಾರದ ಭೇಟಿಗೆ ಉಳಿದವರು ಹೋಗಬೇಕು, ಈ ಮನೆಗೆ ಸುಂದ್ರವ್ವ ಬರುತ್ತಿದ್ದಂತೆ. ಕೊನೆಯ ಗಳಿಗೆ ಹತ್ತಿರ ಬಂದಾಗ ಕಾಶೆವ್ವ ಹೋಗಬೇಕು. ತನ್ನ ಕೈ ಹಿಡಿಯದೆ ಯಾರೂ ಹೋಗಬಾರದೆಂಬ ಹಟ ಆಕೆಯದು. ಎಂಥ ದೊಡ್ಡ ಮನಸ್ಸು! ಆದರೆ ಜನರಿಗೇನು ಕಣ್ಣಿಲ್ಲವೇ? ಈಕೆ ಹೊಸ್ತಿಲು ದಾಟಿದ ಮನೆಯಲ್ಲಿ ವಾರ ಕಳೆಯುವುದರೊಳಗೆ ಹೆಣ ಎತ್ತುತ್ತಾರೆ ಎಂಬುದು ಊರೂರಿಗೂ ಗೊತ್ತಾಗಿಹೋಗಿತ್ತು. ಇದೇ ಮನೆಯಲ್ಲಿ ಹೋದ ವರ್ಷ ಮಾಳುವಿನ ತಂದೆ ಬೀರಸಿದ್ದಪ್ಪನೂ ಹಾಗೆಯೇ ಹೋಗಿದ್ದ.

"ಸುಂದ್ರವ್ವಗ ಆರಾಮಿಲ್ಲಪಾ, ಜ್ವರ ಬಂದು ಮಲಗ್ಯಾಳ. ಅದಕ್ಕ ನಾ ಬಂದೇನಿ. ನಿಮ್ಮವ್ವಗ ಇನ್ನೂ ದಿನ ಅದಾವು, ಡಾಕ್ಟರೂ ಅದನ್ನ ಹೇಳ್ಯಾರ."

"ಹಂಗಾದ್ರ ಅವರ ಬರ್ಲಿ, ಆರಾಮಾದ ಮ್ಯಾಲ."

"ಅಲ್ಲೀತನಕ ಆ ಜೀವ ತಡೀತೈತೇನೋ? ಹೋಗ್ಲಿ, ಗುಳಿಗಿ ನೀನ ಒಯ್ದು ಕೊಡು. ನಾ ಹೊರಗ ಇರ್ತೇನಿ."

ಮಾಳು ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದ. "ನಿಮ್ಮ ಕೈಯಾಗಿಂದು ಬ್ಯಾಡ್ರಿ."

ಕಾಶೆವ್ವ ತನ್ನ ಕೈಯನ್ನೇ ನೋಡಿಕೊಂಡಳು. ಇಷ್ಟು ವರ್ಷ ಎಷ್ಟು ಜನರ ಬಾಯಿಗೆ ನೀರು ಹಾಕಿದ ಕೈ ಇದು! ಮಾನ ಮರ್ಯಾದೆ ಮರೆತು, ಮಗನ ವಯಸ್ಸಿನವನ ಕಾಲು ಹಿಡಿಯಲು ಬಾಗಿದಳು. ಅವನು ಹಾವು ತುಳಿದವನಂತೆ ಹಿಂದೆ ಸರಿದ, ಬಾಗಿಲು ಮಾತ್ರ ಬಿಡಲಿಲ್ಲ. ಅವನೂ ಅಳುತ್ತಿದ್ದ.

ಅಷ್ಟರಲ್ಲಿ ಒಳಗಿನ ಕೂಗು ಮಾತಾಯಿತು. "ಬಿಡೋ ಅವರನ್ನ! ಸಾಯೂದಾದ್ರ ಸಾಯ್ತೇನಿ. ಈ ತ್ರಾಸ ಬ್ಯಾಡೋ ಯಪ್ಪಾ!"

ಮಾಳು ಬದಿಗೆ ಸರಿದ.

ಗುಳಿಗೆ ನುಂಗಿಸಿ, ಬೆನ್ನಿಗೆ ದಿಂಬು ಕೊಟ್ಟು ಕಾಶೆವ್ವ ಪಕ್ಕದಲ್ಲೇ ಕೂತಳು. ಬಹಳ ಹೊತ್ತಿನ ಮೇಲೆ ಲಗಮವ್ವನ ಬಿಗಿದ ಮುಷ್ಟಿ ಸಡಿಲಿತು. ಆಕೆ ಮಗನ ಕಡೆ ತಿರುಗಿ ಮೆಲ್ಲಗೆ ಹೇಳಿದಳು, "ಅರ್ಚನಾಗ ಫೋನ್ ಹಚ್ಚು. ಕೂಸಿನ್ನ ಕರ್ಕೊಂಡು ಲಗೂನ ಬಾ ಅನ್ನು. ಒಮ್ಮೆ ಮಗಳ ಮಾರಿ ನೋಡ್ತೇನಿ."

ಕಾಶೆವ್ವ ಆಕೆಯ ಕಡೆ ಬಾಗಿದಳು. "ಲಗಮವ್ವಾ, ಬಸವಣ್ಣನ ಆಣಿ, ನಿನಗ ಇನ್ನೂ ದಿನ ಅದಾವು. ಖರೇನ ಹೇಳಾಕತ್ತೇನಿ, ಸುಂದ್ರವ್ವಗ ಆರಾಮಿಲ್ಲ, ಅದಕ್ಕ ನಾ ಬಂದೆ."

ಲಗಮವ್ವ ಆಕೆಯ ಕೈ ಹಿಡಿದು, ತಾನೇ ಸಮಾಧಾನ ಮಾಡುವವಳಂತೆ ಸವರಿದಳು.

"ಇರ್ಲಿ ಬಿಡ್ರಿ ಅಕ್ಕಾರ. ನಮ್ಮ ಮನ್ಯಾರಿಗೂ ಅವತ್ತ ನೀವು ಇದನ್ನ ಹೇಳಿದ್ರಿ."