ಹಗಲಿನ ಕಂದೀಲು

ಮುನ್ನಿ ಬೀ ಒದ್ದೆ ಗೋಡೆಗೆ ಒಲೆಯ ಬೂದಿಯನ್ನು ಅಂಗೈಯಿಂದ ಒತ್ತಿ ಒತ್ತಿ ಹಚ್ಚುತ್ತಿದ್ದಳು. ತೀರಿಕೊಂಡ ಪಾರ್ವತಿಬಾಯಿಯನ್ನು ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂಡಿಸಬೇಕು. ಹಳ್ಳದ ನೀರು ಹೊಕ್ಕು ಹೋದ ಆ ಮನೆಯಲ್ಲಿ ಒಣಗಿದ ಗೋಡೆ ಒಂದಾದರೂ ಬೇಕಲ್ಲ! ಹಚ್ಚಿದ ಬೂದಿಯೆಲ್ಲ ನೆನೆದು ಜಾರಿ ಬೀಳುತ್ತಿತ್ತು.

ಸಾಕು ಬಿಡು ಎಂದ, ಹುಮನಾಬಾದಿನಿಂದ ಬಂದಿದ್ದ ಪಾರ್ವತಿಬಾಯಿಯ ತಮ್ಮ ನಾಗನಾಥ.

"ಹ್ಯಾಂಗ ಬಿಡ್ಲಿ ತಮ್ಮಾ? ಬಾಜೂ ಮನಿ ನಂದು. ನಿಮ್ಮಕ್ಕ ಮೊದಲ ನನ್ನ ಮನಿ ಒಣಗಿಸಿಕೊಟ್ಟು ಆಮ್ಯಾಲ ತನ್ನ ಮನಿಗಿ ಕೈ ಹಚ್ಚಿದ್ಳು. ಆಕಿ ಬೆನ್ನಿಗಿ ಥಂಡಿ ಹತ್ತಬಾರ್ದು."

ಕೊನೆಗೆ ಗೋಡೆಗೆ ಹಲಗೆ ಆನಿಸಿ, ಅದಕ್ಕೆ ಒರಗಿಸಿ ಕೂಡಿಸಿದರು. ಅಂಗಳದಲ್ಲಿ ಹರವಿದ್ದ ಒದ್ದೆ ಜೋಳ ಹುಳಿ ವಾಸನೆ ಹೊಡೆಯುತ್ತಿತ್ತು. ವರ್ಷದ ಅನ್ನ, ಬಂದವರು ತುಳಿಯದೆ ಅಂಚಿನಲ್ಲಿ ನಡೆದರು. ಆ ಜೋಳಕ್ಕಾಗಿ ನೆಲದೊಳಗಿನ ಹಗೇವಿಗೆ ಇಳಿದೇ ಪಾರ್ವತಿಬಾಯಿ ಸತ್ತಳೆಂದು ಕಲ್ಯಾಣಿ ಊರಿನ ಆ ಓಣಿಗೆಲ್ಲ ಗೊತ್ತಿತ್ತು.

ನಾಗನಾಥ ಅಕ್ಕನ ಗಂಡ ಮಹಾರುದ್ರಪ್ಪನ ಹತ್ತಿರ ಕೂತ. "ಭಾವ, ಕಂದೀಲ ಇಳಿಬಿಟ್ಟು ನೋಡಿದ್ರಿ ಇಲ್ಲೋ?"

ಮಹಾರುದ್ರಪ್ಪ ಎದುರಿಗಿದ್ದ ಒದ್ದೆ ಜೋಳದ ಮೇಲೆ ಕೈಯಾಡಿಸಿದ. ನಾಗನಾಥ ಮತ್ತೆ ಕೇಳಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

*

ಹಿಂದಿನ ದಿನ ಗಂಡಹೆಂಡತಿ ಕೂಡಿಯೇ ಕೆಸರು ಬಳಿದು ಹಾಕಿದ್ದರು, ಕೌದಿಗಳನ್ನು ಮಾಳಿಗೆಯ ಮೇಲೆ ಒಣಹಾಕಿದ್ದರು. ಉಳಿದದ್ದು ಪಡಸಾಲೆಯ ಹಗೇವು, ಜೋಳ ತುಂಬಿಡುವ ನೆಲದೊಳಗಿನ ಕುಣಿ. ಮೇಲಿನ ಜೋಳ ತೆಗೆದಾಗಿತ್ತು. ತಳದ್ದು ನೆನೆದು ಕೂತಿತ್ತು. ನೆನೆದ ಜೋಳದಿಂದ ಹಗೇವಿನ ಗಾಳಿ ಕೆಡುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಇದನ್ನು ಆ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಪಾರ್ವತಿಬಾಯಿ ಕಂದೀಲು ತಂದಳು. ಯುದ್ಧದ ಕಾಲ, ಸೀಮೆಎಣ್ಣೆ ಸಿಗುವುದೇ ದುಸ್ತರ. ಕಂದೀಲಿನ ತಳದಲ್ಲಿ ಒಂದಿಷ್ಟು ಉಳಿದಿತ್ತು.

"ಹಾಡಹಗಲಾಗ ಎಣ್ಣಿ ಯಾಕ ಸುಡ್ತಿ?" ಎಂದ ಮಹಾರುದ್ರಪ್ಪ. "ಮುಂಜಾನಿಂದ ಹಗೇವಿನ ಬಾಯಿ ತೆರದೇ ಅದ. ಲಗೂನ ಇಳಿ, ಜೋಳ ಮೊಳಕಿ ಒಡ್ಯಾಕತ್ತಾವ."

ಅವಳು ಕಂದೀಲನ್ನು ಗೂಟಕ್ಕೆ ತೂಗುಹಾಕಿ, ಸೆರಗು ಸಿಕ್ಕಿಸಿ ಇಳಿದಳು. ಒಂದು ಬುಟ್ಟಿ ತುಂಬಿ ಬಂತು. ಮುಂದಿನದನ್ನು ಮಹಾರುದ್ರಪ್ಪ ಮೇಲಿನಿಂದ ಜಗ್ಗಿದಾಗ ಹಗ್ಗ ಹಗುರವಾಗಿತ್ತು. ಅವನು ಕೂಗಿದ. ಓಣಿಯ ಜನ ಓಡಿ ಬಂದು ಅವಳನ್ನು ಮೇಲೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಮಣ್ಣಿಗೆ ಒಯ್ಯುವಾಗ ಮಹಾರುದ್ರಪ್ಪನ ಕೈಯಲ್ಲಿ ಕಂದೀಲಿತ್ತು. ದುಃಖದಲ್ಲಿ ಏನೋ ಹಿಡಿದುಕೊಂಡಿದ್ದಾನೆ ಪಾಪ, ಎಂದುಕೊಂಡರು ಜನ. ಕುಣಿ ತೋಡಿದವರು ಮೇಲೆ ಹತ್ತಿ ಬೆವರು ಒರೆಸಿಕೊಂಡರು. ಅವಳನ್ನು ಇಳಿಸಲೆಂದು ನಾಲ್ಕು ಜನ ಬಗ್ಗಿದರು.

"ತಡೀರಿ," ಎಂದ ಮಹಾರುದ್ರಪ್ಪ.

ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು. ಅವನು ಕಂದೀಲು ಹೊತ್ತಿಸಿದ. ಹಿಡಿಕೆಗೆ ಹಗ್ಗ ಕಟ್ಟಿ, ಕುಣಿಯ ಅಂಚಿನಲ್ಲಿ ಮೊಣಕಾಲೂರಿ, ಮೆಲ್ಲಗೆ ಇಳಿಬಿಟ್ಟ. ಮಂತ್ರ ಹೇಳುತ್ತಿದ್ದ ಅಯ್ಯನವರು ನಿಲ್ಲಿಸಿದರು. ನಾಗನಾಥನಿಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅವನು ಭಾವನ ಕಡೆ ಒಂದು ಹೆಜ್ಜೆ ಇಟ್ಟವನು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟ.

ಮಹಾರುದ್ರಪ್ಪ ಬಗ್ಗಿ ಬಹಳ ಹೊತ್ತು ನೋಡಿದ.

"ಉರ್ಯಾಕತ್ತದ," ಎಂದ. "ಈಗ ಇಳಸ್ರಿ."

ಯಾರೂ ಅಲುಗಲಿಲ್ಲ. ಕುಣಿಯ ತಳದಲ್ಲಿ ದೀಪ ನೆಟ್ಟಗೆ ಉರಿಯುತ್ತಲೇ ಇತ್ತು.