ಬೂದು ಡಬ್ಬದ ಕಣ್ಣು

ಮುನಿಲಕ್ಷ್ಮಮ್ಮನಿಗೆ ಒಂದು ಕೆಟ್ಟ ಚಾಳಿ. ಮುಚ್ಚಳವಿರುವ ಏನನ್ನು ಕಂಡರೂ ತೆಗೆದು ನೋಡಲೇಬೇಕು. ತೊಂಬತ್ತೊಂಬತ್ತರ ಆಯುಧಪೂಜೆಯ ದಿನ, ಚಾಮರಾಜಪೇಟೆಯ ತನ್ನ ಗಂಡನ ಟೀವಿ ರಿಪೇರಿ ಅಂಗಡಿಗೆ ಹೂವು, ಬೂದುಗುಂಬಳ ಹೊತ್ತು ಬಂದವಳಿಗೆ ಮೇಜಿನ ಮೇಲೆ ಕಂಡದ್ದು ಮೂರು ವಿಡಿಯೋ ಗೇಮ್ ಡಬ್ಬ. ಇನ್ನು ಕೇಳಬೇಕೆ!

"ಏನ್ರೀ ವ್ಯತ್ಯಾಸ ಇವಕ್ಕೆ?"

"ಎಲ್ಲಾ ಟೀವಿಗೆ ಹಾಕೋ ಆಟಾನೇ ಕಣೇ. ಸುಮ್ನೆ ಪೂಜೆ ಮಾಡು," ಎಂದ ಗಂಡ ಮುನಿಸ್ವಾಮಿ, ಸ್ಕ್ರೂಡ್ರೈವರುಗಳನ್ನು ಒರೆಸುತ್ತ.

ಎಲ್ಲಾ ಒಂದೇ ಅಂತೆ! ಅವಳು ಬಿಡುವ ಪೈಕಿಯೇ? ಬೆನ್ನುಹತ್ತಿ ಕೇಳಿದಳು. ಕಪ್ಪು ಡಬ್ಬಕ್ಕೆ ಬಾಯೇ ಇಲ್ಲ, ಆಟಗಳೆಲ್ಲ ಹೊಟ್ಟೆಯೊಳಗೇ. ಬಿಳಿಯದರ ನೆತ್ತಿಯಲ್ಲಿ ಸೀಳು, ಊದಿ ಊದಿ ಕ್ಯಾಸೆಟ್ ಒತ್ತಬೇಕು, ಸ್ವಿಚ್ ಆರಿಸಿದರೆ ಆಡಿದ್ದೆಲ್ಲ ಮರೆತುಬಿಡುತ್ತದೆ. ಬೂದು ಬಣ್ಣದ್ದು ಸಿ.ಡಿ. ನುಂಗುತ್ತದೆ. ಒಂದು ಪುಟ್ಟ ಕಾರ್ಡು ಸಿಕ್ಕಿಸಿಟ್ಟರೆ, ನಿಲ್ಲಿಸಿದ ಆಟ ವಾರ ಕಳೆದರೂ ಅದಕ್ಕೆ ನೆನಪಿರುತ್ತದಂತೆ. ಅಬ್ಬಬ್ಬಾ!

ಟೀವಿ ಕೆಲಸ ಕಮ್ಮಿಯಾಗಿತ್ತು. ಈ ಗೇಮುಗಳ ರಿಪೇರಿ ಕೈಹತ್ತಿದರೆ ಮಾತ್ರ ಅಂಗಡಿ ಉಳಿಯುವುದೆಂದು ಗಂಡಹೆಂಡಿರಿಬ್ಬರಿಗೂ ಗೊತ್ತಿತ್ತು. ಬೂದು ಡಬ್ಬವನ್ನು ಬೇರೆ ಅಂಗಡಿಯವರೆಲ್ಲ ಆಗಲ್ಲ ಎಂದ ಮೇಲೆ ಶಂಕರಪುರಂನ ಸಂಕರ್ಷಣ ಮೇಷ್ಟ್ರು ಇಲ್ಲಿಗೆ ತಂದಿದ್ದರು. "ವಿಜಯದಶಮಿಗೆ ಬನ್ನಿ ಸ್ವಾಮಿ, ಓಡ್ಸಿ ತೋರಿಸ್ತೀನಿ," ಎಂದು ಮುನಿಸ್ವಾಮಿ ಮಾತು ಕೊಟ್ಟಿದ್ದ. ಸುಟ್ಟ ವೈರು ಬದಲಾಯಿಸಿ, ಹಿಂದಿನ ದಿನ ಓಡಿಸಿಯೂ ನೋಡಿದ್ದ.

ಅವನು ಕರ್ಪೂರ ತರಲು ಹೋದದ್ದೇ ತಡ, ಇವಳು ಬೂದು ಡಬ್ಬದ ಮುಚ್ಚಳ ಎತ್ತಿದಳು. ಒಳಗೆ ಸಿ.ಡಿ. ಓದುವ, ಹೆಸರುಕಾಳಿನಷ್ಟು, ನೀಲಿಯಾಗಿ ಹೊಳೆಯುವ ಗಾಜಿನ ಕಣ್ಣು!

"ಅಯ್ಯೋ ನನ್ ರಾಜ, ಕಣ್ ಬಿಟ್ಕೊಂಡು ಕೂತಿದೀಯಾ!"

ಉಳಿದೆರಡಕ್ಕೆ ಮೈಮೇಲೆ ಗಂಧ, ಕುಂಕುಮ ಇಟ್ಟಳು. ಇದರ ಜೀವವೆಲ್ಲ ಇಲ್ಲೇ ಇರಬೇಕೆಂದು ಆ ಕಣ್ಣಿಗೇ ಒಂದು ಬೊಟ್ಟು ಇಟ್ಟು, ಕೈಮುಗಿದು ಮುಚ್ಚಳ ಹಾಕಿದಳು.

ಮಾರನೆಯ ದಿನ ಮೇಷ್ಟ್ರು ಬಂದರು. ಸಿ.ಡಿ. ತಿರುಗಿತು, ಟೀವಿಯಲ್ಲಿ ಬರೀ ಕಪ್ಪು. ಮುನಿಸ್ವಾಮಿ ಸಿ.ಡಿ. ತೆಗೆದು, ಮೂಗು ತಾಗುವಷ್ಟು ಬಗ್ಗಿ ನೋಡಿದ. ಟೇಬಲ್ ಲ್ಯಾಂಪ್ ಎಳೆದುಕೊಂಡು ಮತ್ತೆ ನೋಡಿದ.

"ಗೊತ್ತಾಗ್ತಿಲ್ಲ ಸ್ವಾಮಿ. ಒಳಗೆಲ್ಲಾ ಸರಿಯಾಗೇ ಇದೆ."

"ಹೋಗ್ಲಿ ಬಿಡಿ, ನಿಮ್ ಕೈಲೂ ಆಗ್ಲಿಲ್ವಲ್ಲ," ಎಂದು ಮೇಷ್ಟ್ರು ಡಬ್ಬ ಒಯ್ಯಲು ಚೀಲ ಬಿಡಿಸಿದರು.

ಬಾಗಿಲ ಬಳಿ ನಿಂತಿದ್ದ ಮುನಿಲಕ್ಷ್ಮಮ್ಮ ಮೇಜಿನ ಹತ್ತಿರ ಬಂದಳು. ಬೈಸಿಕೊಂಡರೂ ಸರಿ, ಗಂಡನ ಹೆಸರು ಕೆಡಬಾರದು.

"ತಪ್ಪು ನಂದು ಕಣ್ರೀ. ಪೂಜೇಲಿ ನಾನೇ ಕುಂಕುಮ ಇಟ್ಬಿಟ್ಟೆ. ಆ ಗಾಜಿನ ಮೇಲೆ ಕೆಂಪಗೆ ಕಾಣ್ತಿದೆಯಲ್ಲ, ಅದೇ!"

ಅವಳು ಕಾದ ಬೈಗುಳ ಬರಲಿಲ್ಲ. ಮುನಿಸ್ವಾಮಿ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲ ಬಿಸಿಲಿಗೆ ಹಿಡಿದ. ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಕಣ್ಣು ಕಿರಿದು ಮಾಡಿದ, ಉಜ್ಜಿಕೊಂಡ. ಆಮೇಲೆ ಮೇಷ್ಟ್ರಿಗೆ ಕೇಳಿಸದ ಹಾಗೆ, ಮೆಲ್ಲಗೆ, ಹೆಂಡತಿಯನ್ನು ಕೇಳಿದ:

"ಎಲ್ಲಿದೆ ಕೆಂಪು?"