ಕಂಬದಿಂದ ಇಳಿಯುವವರೆಗೆ

ಮೈದುನ ತಾರಸಿಯ ಅಳತೆ ತೆಗೆದುಕೊಂಡು ಇಳಿದು ಬಂದಾಗಲೂ ಅವಳು ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. ಬೇಡವೆಂದರೆ ಬೇಡ. ಮನೆಗಳ ಮೇಲೆ ಸೋಲಾರ್ ಹಾಕುವುದೇ ಅವನ ಕಸುಬು. ಊರನ್ನೆಲ್ಲ ಒಪ್ಪಿಸಿದವನು ಅತ್ತಿಗೆಯ ಮುಂದೆ ಸೋತು ಕೂತಿದ್ದ.

"ದಿನವಿಡೀ ಯಂತ್ರ, ಇಸ್ತ್ರಿ. ದುಡಿದದ್ದೆಲ್ಲ ಕರೆಂಟಿಗೇ ಹೋಯ್ತು ಅಂತ ಗೊಣಗೋದೂ ನೀವೇ," ಎಂದ. "ಬಿಸಿಲು ಬಾಡಿಗೆ ಕೇಳಲ್ಲ ಅತ್ತಿಗೆ."

ಅವಳು ಒಳಕೋಣೆಯತ್ತ ನೋಡಿದಳು. ಗಂಡ ಎಡಗೈಯ ಸೆಟೆದ ಬೆರಳುಗಳಿಂದ ಅಂಗಿಯ ಗುಂಡಿ ಹಾಕಲು ಹೆಣಗುತ್ತಿದ್ದ. ಅವನು ಲೈನ್‌ಮನ್. ಹಿಂದೊಮ್ಮೆ ಬೀದಿಯ ಕರೆಂಟು ತೆಗೆಸಿ ಕಂಬ ಹತ್ತಿದ್ದಾಗ, ಯಾರದೋ ಅಂಗಡಿಯ ಜನರೇಟರ್ ಅದೇ ತಂತಿಗೆ ಕರೆಂಟು ನೂಕಿತ್ತು. ಜೀವ ಉಳಿದದ್ದು ದೇವರ ದಯೆ. ಅಂದಿನಿಂದ ಅವನು ಕೆಲಸಕ್ಕೆ ಹೊರಟಾಗಲೆಲ್ಲ ಅವಳು ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಕೈಮುಗಿಯುತ್ತಾಳೆ.

"ನಮ್ಮ ತಾರಸಿಯಿಂದ ಹೋದ ಕರೆಂಟು ಯಾರ ಮನೆಯವರ ಕೈ ಸುಡತ್ತೋ," ಎಂದಳು. "ಆ ಪಾಪ ನನಗೆ ಬೇಡಪ್ಪ."

ಮೈದುನ ನಗಲಿಲ್ಲ. ನೆಲದ ಮೇಲೆ ಕೂತು ಬಿಡಿಸಿ ಹೇಳಿದ. ಬೆಳಕು ಬಿದ್ದರೆ ಪ್ಯಾನೆಲ್ಲಿನಲ್ಲಿ ಕರೆಂಟು ಹುಟ್ಟುತ್ತದೆ, ಬ್ಯಾಟರಿಯಿಂದ ಬರುತ್ತದಲ್ಲ ಅಂಥದ್ದು. ಗೋಡೆಯ ಮೇಲಿನ ಇನ್ವರ್ಟರ್ ಅದನ್ನು ಮನೆಯ ಸಾಮಾನಿಗೆ ಒಗ್ಗುವ ಹಾಗೆ ಬದಲಿಸುತ್ತದೆ. ನಾವು ಬಳಸಿ ಮಿಕ್ಕದ್ದು ಬೀದಿಯ ತಂತಿಗೆ ಹೋಗುತ್ತದೆ. ಮೀಟರು ಅದನ್ನೂ ಲೆಕ್ಕ ಹಿಡಿದು ಬಿಲ್ಲು ತಗ್ಗಿಸುತ್ತದೆ. ಆದರೆ ಬೀದಿಯ ತಂತಿಯಲ್ಲಿ ಕರೆಂಟು ಹೋಯಿತೋ, ಇನ್ವರ್ಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ತಾನೂ ಬಾಯಿ ಮುಚ್ಚುತ್ತದೆ. ಒಳಕೋಣೆಯಿಂದ ಬಂದ ಗಂಡನೂ ಹೌದೆಂದು ತಲೆಯಾಡಿಸಿದ. ಮಾತು ಅವಳ ಕಿವಿಗೆ ಬಿತ್ತು, ಎದೆಗೆ ಇಳಿಯಲಿಲ್ಲ.

"ಹಾಕಿಸೋಣ," ಎಂದ ಗಂಡ. "ಪರೀಕ್ಷೆ ನೀನೇ ಮಾಡು. ಒಪ್ಪದಿದ್ರೆ ಇವನೇ ಬಿಚ್ಕೊಂಡು ಹೋಗ್ತಾನೆ."

ಪ್ಯಾನೆಲ್ ಏರಿ, ಎಲ್ಲವೂ ಜೋಡಣೆಯಾದ ದಿನ ನಡುಹಗಲಲ್ಲಿ ಅವಳು ತಾನೇ ಬೀದಿಯ ಕರೆಂಟು ಬರುವ ಮೇನ್ ಸ್ವಿಚ್ ಇಳಿಸಿದಳು. ತಾರಸಿಯ ಮೇಲೆ ಬಿಸಿಲು ಸುರಿಯುತ್ತಲೇ ಇತ್ತು. ಕೆಳಗೆ ಇನ್ವರ್ಟರಿನ ಹಸಿರು ದೀಪ ಆರಿತು, ಫ್ಯಾನು ವೇಗ ಕಳೆದುಕೊಂಡು ನಿಂತಿತು. ಗಂಡ ಟೆಸ್ಟರನ್ನು ಅವಳ ಕೈಗಿತ್ತು ಇನ್ವರ್ಟರಿನಿಂದ ಹೊರಡುವ ತಂತಿಗೆ ಎಲ್ಲಿ ತಾಗಿಸಬೇಕೆಂದು ತೋರಿಸಿದ. ಟೆಸ್ಟರಿನ ದೀಪ ಹತ್ತಲಿಲ್ಲ. ಇನ್ನೊಮ್ಮೆ ತಾಗಿಸಿದಳು. ಮತ್ತೂ ಒಮ್ಮೆ.

"ಇರಲಿ ಬಿಡಿ," ಎಂದಳು ಮೆಲ್ಲಗೆ.

ಕೆಲವು ವಾರಗಳ ಮೇಲೆ, ಉರಿಬಿಸಿಲಿನ ಮಧ್ಯಾಹ್ನ, ಇಡೀ ಬೀದಿಯ ಕರೆಂಟು ಹೋಯಿತು. ಗಂಡ ಕೆಲಸಕ್ಕೆ ಹೋಗಿದ್ದ. ಅರ್ಧ ಹೊಲಿದ ರವಿಕೆಯ ಮೇಲೆ ಸೂಜಿ ನಿಂತಿತು. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, ಅಷ್ಟೆಲ್ಲ ಖರ್ಚು ಮಾಡಿ ತಲೆ ಮೇಲೆ ಕನ್ನಡಿ ಹೊದಿಸಿದ್ದೀರಲ್ಲ, ನಿಮ್ಮನೇಲೂ ಫ್ಯಾನು ತಿರುಗಲ್ವಾ ಎಂದು ನಕ್ಕಳು. ಬ್ಯಾಟರಿ ಇಟ್ಟಿದ್ದರೆ, ಬೀದಿಯಿಂದ ಬೇರೆಯಾಗಿ ಮನೆಯಷ್ಟಕ್ಕೆ ಓಡುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಅದನ್ನೆಲ್ಲ ಹೇಳಹೋಗಲಿಲ್ಲ.

ಆರಿದ ಹಸಿರು ದೀಪವನ್ನೇ ನೋಡುತ್ತ ಸೆರಗಿನಿಂದ ಗಾಳಿ ಬೀಸಿಕೊಂಡಳು.

"ಯಾರೋ ಕಂಬದ ಮೇಲಿದ್ದಾರೆ," ಎಂದಳು. "ಇಳೀಲಿ. ಆಮೇಲೆ ತಿರುಗತ್ತೆ."